ಸರ್ಕಾರ ಬೀಳುವುದೆಲ್ಲಿ, ಬೀಳದಿರುವುದೆಲ್ಲಿ?

ಪ್ರಶ್ನೆ: ಬ್ರಿಟನ್ನಿನಲ್ಲಿ ಸರ್ಕಾರ ಅವಧಿಗೆ ಮುನ್ನವೇ ಬೀಳಬಹುದು, ಅಮೆರಿಕದಲ್ಲಿ ಹಾಗಾಗುವುದಿಲ್ಲವೇಕೆ?

ಉತ್ತರ: ಸಂಸದೀಯ ಪದ್ಧತಿಯಲ್ಲಿ ಮಂತ್ರಿಮಂಡಲವು ಶಾಸಕಾಂಗದೊಳಗಿನಿಂದಲೇ ರೂಪುಗೊಂಡು, ಕೆಳಮನೆಯ ವಿಶ್ವಾಸವಿರುವವರೆಗೆ ಮಾತ್ರ ಉಳಿಯುತ್ತದೆ. 1979ರ ಮಾರ್ಚ್ 28ರಂದು ಬ್ರಿಟನ್ನಿನ ಜೇಮ್ಸ್ ಕ್ಯಾಲಹನ್ ಸರ್ಕಾರವು ಅವಿಶ್ವಾಸ ನಿರ್ಣಯದಲ್ಲಿ 311–310ರಿಂದ, ಎಂದರೆ ಒಂದೇ ಮತದಿಂದ, ಸೋತು ಚುನಾವಣೆಗೆ ಹೋಗಬೇಕಾಯಿತು. ಅಮೆರಿಕದ ಅಧ್ಯಕ್ಷರಾದರೋ ಅಲ್ಲಿನ ಶಾಸಕಾಂಗವಾದ ಕಾಂಗ್ರೆಸ್ಸಿನಿಂದ ಪ್ರತ್ಯೇಕವಾಗಿ 4 ವರ್ಷಗಳ ನಿಶ್ಚಿತ ಅವಧಿಗೆ ಆಯ್ಕೆಯಾಗುವುದರಿಂದ, ಅವರು ಬಯಸಿದ ಮಸೂದೆಗಳೆಲ್ಲ ತಿರಸ್ಕೃತವಾದರೂ ಪದವಿಗೆ ಧಕ್ಕೆಯಿಲ್ಲ; ಕೆಳಮನೆ ದೋಷಾರೋಪ ಹೊರಿಸಿ, ಸೆನೆಟ್‌ನಲ್ಲಿ ಹಾಜರಿದ್ದವರ ಪೈಕಿ ಮೂರರಲ್ಲಿ ಎರಡು ಭಾಗದಷ್ಟು ಸದಸ್ಯರು ತಪ್ಪಿತಸ್ಥರೆಂದು ತೀರ್ಮಾನಿಸಿದರೆ ಮಾತ್ರ ಕಾಂಗ್ರೆಸ್ಸು ಅವರನ್ನು ಪದಚ್ಯುತಗೊಳಿಸಬಲ್ಲದು. ಈ ಸ್ಥಿರತೆ, ನನ್ನ ದೃಷ್ಟಿಯಲ್ಲಿ, ಅಗ್ಗದ್ದೇನಲ್ಲ: ಅಧ್ಯಕ್ಷರೂ ಕಾಂಗ್ರೆಸ್ಸೂ ಪಟ್ಟು ಸಡಿಲಿಸದೆ ವೆಚ್ಚಕ್ಕೆ ಅನುಮೋದನೆ ದೊರೆಯದಿದ್ದುದರಿಂದ 2018ರ ಡಿಸೆಂಬರ್ 22ರಿಂದ 35 ದಿನ ಹಲವು ಸರ್ಕಾರಿ ಇಲಾಖೆಗಳ ಕೆಲಸ ಸ್ಥಗಿತಗೊಂಡಿತ್ತು.