ಕೊಡಗಿನಲ್ಲಿ ಸಣ್ಣ ಟಿಶ್ಯೂ ಕಲ್ಚರ್ ಘಟಕ: ಗುಣಮಟ್ಟದ ದಾಖಲೆ, ಪ್ರಮಾಣೀಕರಣಗಳನ್ನು ಎರಡನೇ ವರ್ಷಕ್ಕೆ ಮುಂದೂಡಬಹುದೇ?

ಕೊಡಗಿನಲ್ಲಿ ಸಣ್ಣ ಟಿಶ್ಯೂ ಕಲ್ಚರ್ (ಅಂಗಾಂಶ ಕೃಷಿ, ಅಂದರೆ ಗಿಡದ ಚೂರಿನಿಂದ ಪ್ರಯೋಗಾಲಯದಲ್ಲಿ ಸಸಿ ಬೆಳೆಸುವ) ಘಟಕ ತೆರೆಯಲು ಹೊರಟಿರುವ ನೀವು, ದಾಖಲೆ, ಪ್ರಮಾಣಪತ್ರಗಳನ್ನು ಎರಡನೇ ವರ್ಷಕ್ಕೆ ಮುಂದೂಡಬಹುದೇ ಎಂದು ಕೇಳಿದ್ದೀರಿ. "ಮೊದಲು ಮಾರಾಟ ಕುದುರಲಿ, ದಾಖಲೆ ಗೀಖಲೆ ಆಮೇಲೆ" ಎಂದು ನೀವು ಬರೆದಿರುವುದನ್ನು ಓದಿ ಸುಮ್ಮನಿರಲು ಆಗಲಿಲ್ಲ. ವಿರಾಜಪೇಟೆ ತಾಲ್ಲೂಕಿನಲ್ಲಿ ಬಾಳೆ ಸಸಿಗಳ ನರ್ಸರಿ ತೆರೆದಾಗ ನನ್ನ ಲೆಕ್ಕಾಚಾರವೂ ಇದೇ ಆಗಿತ್ತು. ಆ ನರ್ಸರಿ ಈಗ ಇಲ್ಲ.

ನನ್ನದು ಪ್ರಯೋಗಾಲಯವಲ್ಲ, ಹಾರ್ಡನಿಂಗ್ ಮಾತ್ರ, ಅಂದರೆ ಬಾಟಲಿಯಲ್ಲಿ ಬೆಳೆದ ಎಳೆ ಸಸಿಯನ್ನು ಹೊರಗಿನ ಹವೆಗೆ ಪಳಗಿಸುವ ಕೆಲಸ. ಹೊರ ಊರಿನ ಒಂದು ಪ್ರಯೋಗಾಲಯದಿಂದ ಜಿ-9 ಎಂಬ ಬಾಳೆ ತಳಿಯ ಸಸಿಗಳು ಬಾಟಲಿಗಳಲ್ಲಿ ಬರುತ್ತಿದ್ದವು. ಬೇರಿಗೆ ಅಂಟಿದ ಅಗರ್ (ಸಸಿ ಬೆಳೆಸುವ ಲೋಳೆ) ತೊಳೆದು, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ನೆಟ್ಟು, ಕೆಲವು ವಾರ ತೇವದಲ್ಲಿ ಸಾಕಿ, ಆಮೇಲೆ ಪಾಲಿಥಿನ್ ಚೀಲಗಳಿಗೆ ಬದಲಿಸಿ ನೆರಳು ಪರದೆಯ ಕೆಳಗೆ ಬೆಳೆಸಿ ಮಾರುತ್ತಿದ್ದೆ. ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಗದ್ದೆಗಳಲ್ಲಿ ಬಾಳೆ ಹಾಕುವವರು ಹೆಚ್ಚುತ್ತಿದ್ದ ಕಾಲವದು. ಸಸಿ ಸಾಲುತ್ತಿರಲಿಲ್ಲ.

ನನ್ನನ್ನು ಮುಳುಗಿಸಿದ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮಾಡುವ ಹೊತ್ತಿಗೆ ಅದು ತಪ್ಪಿನಂತೆ ಕಾಣುವುದೇ ಇಲ್ಲ, ನೀವೂ ಮಾಡುತ್ತೀರಿ.

ಜುಲೈ ಮಳೆ. ಬಿಸಿಲಿನ ಮುಖವಿಲ್ಲ, ಟ್ರೇಗಳಲ್ಲಿ ಬುಡ ಕೊಳೆತು ಅಲ್ಲಲ್ಲಿ ಗುಳಿಗಳು ಖಾಲಿಯಾದವು. ಖಾಲಿ ಗುಳಿಯಿರುವ ಟ್ರೇ ಜಾಗ ತಿನ್ನುತ್ತದೆ, ನೀರು ಹಾಳು, ಕೂಲಿ ಹಾಳು. ಹಾಗಾಗಿ ಪಕ್ಕದ ಬ್ಯಾಚಿನ ಸಸಿಗಳನ್ನು ಕಿತ್ತು ಆ ಗುಳಿಗಳಿಗೆ ತುಂಬಿಸಿದೆವು. ಎರಡೂ ಜಿ-9, ಎರಡೂ ಒಂದೇ ಪ್ರಯೋಗಾಲಯದವು, ಎತ್ತರವೂ ಒಂದೇ. ಟ್ರೇಯ ಮೇಲಿನ ಚೀಟಿ ಮಾತ್ರ ಹಳೆಯ ಬ್ಯಾಚಿನದೇ ಉಳಿಯಿತು. ಚೀಲಕ್ಕೆ ಬದಲಿಸುವಾಗ ಆ ಚೀಟಿಯೂ ಟ್ರೇಯ ಜೊತೆಗೇ ತೊಳೆಯುವ ತೊಟ್ಟಿಗೆ ಹೋಯಿತು. ಗಿಡದೊಂದಿಗೆ ಏನೂ ಹೋಗಲಿಲ್ಲ. ಮಾರಾಟದ ಬಿಲ್ಲಿನಲ್ಲಿ ತಳಿ, ಸಂಖ್ಯೆ, ಮೊತ್ತ ಇದ್ದವು. ಯಾವ ಬ್ಯಾಚು ಎಂಬುದಿರಲಿಲ್ಲ.

ಒಂದೇ ತಳಿ ಎಂದರೆ ಒಂದೇ ಬ್ಯಾಚು ಎಂದಲ್ಲ. ಇದನ್ನು ನಾನು ತಿಳಿದಿದ್ದೆ, ಆದರೆ ಅದಕ್ಕೆ ತಕ್ಕಂತೆ ನಡೆಯಲಿಲ್ಲ. ಬ್ಯಾಚು ಎಂದರೆ ಇಂಥ ತಾಯಿ ಗಿಡದ ಇಂಥ ಕಂದಿನಿಂದ ಹೊರಟು, ಇಂತಿಷ್ಟು ಬಾರಿ ಮರುಕೃಷಿಯಾಗಿ (ಪಾಲು ಮಾಡಿ ಹೊಸ ಬಾಟಲಿಗೆ ಹಾಕಿ ಬೆಳೆಸಿ) ಬಂದ ಸಾಲು. ತಾಯಿ ಗಿಡದಲ್ಲಿ ವೈರಸ್ ಇದ್ದರೆ ಅದು ಆ ಸಾಲಿನುದ್ದಕ್ಕೂ ಸಾಗಿ ಬರಬಹುದು. ಬಾಟಲಿಯೊಳಗೆ ಬೂಷ್ಟಿಲ್ಲ ಎಂದ ಮಾತ್ರಕ್ಕೆ ವೈರಸ್ ಇಲ್ಲ ಎಂದಾಗುವುದಿಲ್ಲ. ಹಾಗೆಯೇ ಒಂದು ಸಾಲನ್ನು ಅತಿಯಾಗಿ ಮರುಕೃಷಿ ಮಾಡಿದರೆ ತಳಿಗುಣ ಕೆಡುತ್ತದೆ. ಜಿ-9 ಗುಂಪಿನ ಬಾಳೆಯಲ್ಲಿ ಕುಳ್ಳ ಗಿಡಗಳು ಹುಟ್ಟುವುದು ಇದರ ಸಾಮಾನ್ಯ ರೂಪ. ಪರೀಕ್ಷೆ ನಡೆಯುವುದೂ, ವರದಿ ಸಿಗುವುದೂ ಬ್ಯಾಚಿಗೆ. ಎರಡು ಬ್ಯಾಚು ಬೆರೆತ ಕ್ಷಣದಲ್ಲೇ ಎರಡರ ವರದಿಯೂ ಬರೀ ಕಾಗದ.

ಮುಂದಿನ ವರ್ಷ ಪೊನ್ನಂಪೇಟೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿದರು. "ನಿನ್ನ ಗಿಡ ಮೇಲೇಳುತ್ತಿಲ್ಲ, ಎಲೆಗಳೆಲ್ಲ ತುದಿಯಲ್ಲಿ ಗುಂಪುಗಟ್ಟಿ ನಿಂತಿವೆ, ಬಂದು ನೋಡಪ್ಪಾ" ಎಂದರು. ಹೋಗಿ ನೋಡಿದರೆ ಎಲೆಗಳು ಕಿರಿದಾಗಿ ನೆಟ್ಟಗೆ ನಿಂತಿದ್ದವು, ತೊಟ್ಟಿನ ಮೇಲೆ ಕಡು ಹಸಿರಿನ ಚುಕ್ಕೆ ಗೆರೆಗಳು. ಬಂಚಿ ಟಾಪ್, ಸಸ್ಯಹೇನು ಹರಡುವ ಬಾಳೆಯ ವೈರಸ್ ರೋಗ. ಪರೀಕ್ಷೆಗೆ ಕಳಿಸಿದ ಎಲೆಯಲ್ಲಿ ವೈರಸ್ ಖಚಿತವಾಯಿತು. ಈ ರೋಗಕ್ಕೆ ಮದ್ದಿಲ್ಲ. ಮೊದಲು ಸಸ್ಯಹೇನನ್ನು ಕೊಲ್ಲಬೇಕು, ಆಮೇಲೆ ಗಡ್ಡೆಸಮೇತ ಕಿತ್ತು ನಾಶಮಾಡಬೇಕು. ಹೇನನ್ನು ಹಾಗೇ ಬಿಟ್ಟು ಗಿಡ ಕಡಿದರೆ ಅವು ಪಕ್ಕದ ಗಿಡಕ್ಕೆ ಹೋಗುತ್ತವೆ.

ವೈರಸ್ ಎಲ್ಲಿಂದ ಬಂತು? ಪ್ರಯೋಗಾಲಯದವರು ಒಂದೇ ಮಾತು ಕೇಳಿದರು: ಬ್ಯಾಚ್ ಸಂಖ್ಯೆ ಕೊಡಿ. ಅವರು ಕೇಳಿದ್ದು ಸರಿಯಾಗಿತ್ತು. ಬೇರೆ ಬೇರೆ ತೋಟಗಳಲ್ಲಿ ಹರಡಿದ್ದ ರೋಗದ ಗಿಡಗಳೆಲ್ಲ ಒಂದೇ ಬ್ಯಾಚಿನವು ಎಂದು ತೋರಿಸಿದ್ದರೆ ತಾಯಿ ಗಿಡದತ್ತ ಬೆರಳು ತೋರಬಹುದಿತ್ತು. ಎಲ್ಲ ಬ್ಯಾಚುಗಳಲ್ಲೂ ರೋಗವಿದ್ದು, ಅವು ನನ್ನ ನೆರಳುಮನೆಯ ಒಂದೇ ಮೂಲೆಯಲ್ಲಿ ಬೆಳೆದವಾಗಿದ್ದರೆ ಕಾರಣ ನನ್ನಲ್ಲೇ ಇತ್ತೆಂದಾಗುತ್ತಿತ್ತು. ಶೆಡ್ಡಿನ ಹಿಂದೆ ಹಳೆಯ ಬಾಳೆ ಬುಡವೊಂದಿತ್ತು, ಅದರ ತುಂಬ ಇರುವೆ ಓಡಾಡುತ್ತಿದ್ದವು, ಇರುವೆ ಇದ್ದಲ್ಲಿ ಹೇನು ಇರುವ ಸಂಭವ ಹೆಚ್ಚು. ಎರಡರಲ್ಲಿ ಯಾವುದೆಂದು ಇಂದಿಗೂ ತೀರ್ಮಾನವಾಗಿಲ್ಲ. ಪ್ರಯೋಗಾಲಯದಿಂದ ಪರಿಹಾರ ಕೇಳಲು ಆಧಾರವಿಲ್ಲ, ನಾನು ನಿರ್ದೋಷಿ ಎನ್ನಲೂ ಆಧಾರವಿಲ್ಲ. ಒಂದು ಬ್ಯಾಚನ್ನು ಹಿಂದಕ್ಕೆ ಕರೆಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಆ ಹಂಗಾಮಿನಲ್ಲಿ ಸಸಿ ಕೊಂಡವರೆಲ್ಲರ ಮನೆಗೂ ಹೋಗಬೇಕಾಯಿತು. ಚೆನ್ನಾಗಿದ್ದ ಗಿಡಗಳನ್ನೂ ಅನುಮಾನದ ಮೇಲೆ ಕಿತ್ತೆವು. ಕಾಫಿಯ ಮುಂದಿನ ಫಸಲನ್ನು ಮೊದಲೇ ಮಾರಿ ಬಾಕಿ ತೀರಿಸಿದೆ. ಸಸಿ ಕೊಂಡವರಲ್ಲಿ ಇಬ್ಬರು ಅಷ್ಟರಲ್ಲಾಗಲೇ ಕಂದುಗಳನ್ನು ನೆಂಟರಿಗೆ ಕೊಟ್ಟಿದ್ದರು. ಆ ನೆಂಟರು ನನ್ನಿಂದ ಏನನ್ನೂ ಕೊಂಡವರಲ್ಲ.

ಹಾಗಾಗಿ "ಪ್ರಮಾಣಪತ್ರ ಈಗಲೋ ಎರಡನೇ ವರ್ಷಕ್ಕೋ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಂಗಾಂಶ ಕೃಷಿ ಸಸಿಗಳಿಗೆ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ 2006ರಿಂದ ಇದೆ. 1966ರ ಬೀಜ ಕಾಯ್ದೆಯಡಿ ಆ ಅಧಿಕಾರ ಇಲಾಖೆಗೆ ಬಂದಿದೆ. ಘಟಕವನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತಾರೆ, ಮಾನ್ಯತೆ ಪಡೆದ ಪರೀಕ್ಷಾಲಯದಲ್ಲಿ ವೈರಸ್ ಮತ್ತು ತಳಿಶುದ್ಧತೆಯ ಪರೀಕ್ಷೆಯಾದ ಬ್ಯಾಚಿಗೆ ಲೇಬಲ್ ಕೊಡುತ್ತಾರೆ. ಅದನ್ನು ಖಂಡಿತ ಪಡೆಯಿರಿ. ಆದರೆ ಆ ಲೇಬಲ್ ನೆರಳು ಪರದೆಯ ಕೆಳಗೆ ಗುಳಿ ತುಂಬಿಸುವ ಕೈಯನ್ನು ಹಿಡಿಯುವುದಿಲ್ಲ. ಅದನ್ನು ಹಿಡಿಯಬೇಕಾದದ್ದು ನಿಮ್ಮ ದಾಖಲೆ, ಅದು ಮೊದಲ ಬಾಟಲಿಯಿಂದಲೇ ಶುರುವಾಗಬೇಕು. ಹಿಂದಿನ ತಾರೀಖಿಗೆ ಬ್ಯಾಚು ಬರೆಯಲು ಬರುವುದಿಲ್ಲ.

"ಇಂಥ ಜವಾಬ್ದಾರಿಯೆಲ್ಲ ಕುಲಾಂತರಿ ಬೀಜ ಮಾಡುವ ಕಂಪನಿಗಳಿಗೆ" ಎಂದೂ ನೀವು ಬರೆದಿದ್ದೀರಿ. ಅವರು ಅದನ್ನು ಎಷ್ಟು ಬೆಲೆ ತೆತ್ತು ಕಲಿತರೆಂದು ನೋಡಿ. ಅಮೆರಿಕದಲ್ಲಿ ಎಲ್‌ಎಲ್ 601 ಎಂಬ ಕಳೆನಾಶಕ ತಾಳುವ ಕುಲಾಂತರಿ ಭತ್ತದ ಕ್ಷೇತ್ರ ಪ್ರಯೋಗಗಳು 2001ರ ಹೊತ್ತಿಗೇ ಮುಗಿದಿದ್ದವು, ಅದು ಮಾರುಕಟ್ಟೆಗೆ ಬಂದಿರಲಿಲ್ಲ. 2006ರಲ್ಲಿ ಮಾರಾಟದ ಉದ್ದ ಅಕ್ಕಿಯಲ್ಲಿ ಅದರ ಕುರುಹು ಸಿಕ್ಕಿತು. ಯುರೋಪ್, ಜಪಾನ್ ಅಮೆರಿಕದ ಅಕ್ಕಿಗೆ ಬಾಗಿಲು ಬಿಗಿಮಾಡಿದವು. 2011ರಲ್ಲಿ ಆ ತಳಿಯ ಒಡೆತನದ ಬೇಯರ್ ಕಂಪನಿ ರೈತರಿಗೆ 75 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಆ ತಳಿ ಬೆಳೆಯದ ರೈತರೂ ನಷ್ಟ ಅನುಭವಿಸಿದ್ದರು. ತಂತ್ರಜ್ಞಾನ ಬೇರೆ, ಆದರೆ ಯಾವ ಗಿಡ ಎಲ್ಲಿ ಹೋಯಿತು ಎಂಬುದರ ಹಿಡಿತ ತಪ್ಪುವುದು ಅಲ್ಲೂ ಇಲ್ಲೂ ಒಂದೇ.

ಕೊಡಗಿನಲ್ಲಂತೂ ಇದು ಇನ್ನೂ ಗಂಭೀರ. ಬಾಳೆಯ ಬ್ರ್ಯಾಕ್ಟ್ ಮೊಸಾಯಿಕ್ ವೈರಸ್ ಏಲಕ್ಕಿಗೂ ತಗಲುತ್ತದೆ, ಎಲೆಯಲ್ಲಿ ಹಳದಿ ಗೆರೆ ಮೂಡಿಸುತ್ತದೆ. ಕಟ್ಟೆ ರೋಗ, ಕೊಕ್ಕೆ ಕಂದು ಎಂಬ ವೈರಸ್ ರೋಗಗಳು ಸಾಲದೆಂದು ನಮ್ಮ ಏಲಕ್ಕಿಗೆ ಇನ್ನೊಂದು. ನೀವು ಮಾರುವ ಬಾಳೆ ಸಸಿ ಯಾರದೋ ಏಲಕ್ಕಿ ಮಲೆಯ ಪಕ್ಕದಲ್ಲಿ ನಿಲ್ಲುತ್ತದೆ. ಕಿತ್ತಳೆಯ ಗತಿ ನೋಡಿದ ಜಿಲ್ಲೆ ಇದು; ಕಿತ್ತಳೆ ಗಿಡವನ್ನು ಕೊಲ್ಲುವ ಗ್ರೀನಿಂಗ್ ರೋಗ ಕಸಿ ಕಡ್ಡಿಯ ಮೂಲಕವೂ ಹರಡುತ್ತದೆಂದು ಗೊತ್ತಿದ್ದೂ ಸಿಕ್ಕಲ್ಲಿಂದ ಸಸಿ ತಂದು ನೆಟ್ಟವರು ಬಹಳ ಮಂದಿ.

ನಾನಾಗಿದ್ದರೆ ಈಗ ಹೀಗೆ ಮಾಡುತ್ತಿದ್ದೆ. ಬ್ಯಾಚ್ ಸಂಖ್ಯೆಯಿರುವ ಪ್ಲಾಸ್ಟಿಕ್ ಪಟ್ಟಿ ಟ್ರೇಗಲ್ಲ, ಪ್ರತಿ ಚೀಲಕ್ಕೂ. ಗುಳಿ ಖಾಲಿಯಾದರೆ ಖಾಲಿಯೇ ಇರಲಿ, ನಷ್ಟವನ್ನು ಬರೆದಿಡಿ. ಮಾರಾಟದ ಪುಸ್ತಕದಲ್ಲಿ ಬ್ಯಾಚು, ಕೊಂಡವರ ಹೆಸರು, ಫೋನ್, ನೆಟ್ಟ ಗದ್ದೆ. ಪ್ರತಿ ಬ್ಯಾಚಿನ ಕೆಲವು ಗಿಡಗಳನ್ನು ಮಾರದೆ ನೀವೇ ನೆಟ್ಟು ಗೊನೆಯಾಗುವವರೆಗೆ ನೋಡಿ. ಪರೀಕ್ಷೆಯ ಖರ್ಚನ್ನು ಸಸಿಯ ಬೆಲೆಗೆ ಸೇರಿಸಿ. ನಾಲ್ಕು ಕಾಸು ಹೆಚ್ಚಾಯಿತೆಂದು ಬೇರೆಡೆಗೆ ಹೋಗುವ ಗಿರಾಕಿ ಹೋಗಲಿ. ವರ್ಷಕ್ಕೊಮ್ಮೆ ಒಂದು ಬ್ಯಾಚನ್ನು ಆರಿಸಿ, ಅದರ ಸಸಿಗಳು ಯಾರ್ಯಾರಲ್ಲಿವೆ ಎಂದು ಒಂದೇ ಸಂಜೆಯಲ್ಲಿ ಹುಡುಕಲು ಆಗುತ್ತದೆಯೇ ನೋಡಿ. ಆಗದಿದ್ದರೆ ಆ ವಾರ ಮಾರಾಟ ನಿಲ್ಲಿಸಿ ಪುಸ್ತಕ ಸರಿಮಾಡಿ.

ಏಲಕ್ಕಿಗೆ ಮೊದಲ ವರ್ಷ ಕೈ ಹಾಕಬೇಡಿ. ಹಾಕಲೇಬೇಕೆಂದಿದ್ದರೆ, ತಾಯಿ ಗಿಡ ಆರಿಸುವ ಮೊದಲು ಮಡಿಕೇರಿ ಹತ್ತಿರದ ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ ಹೋಗಿ ವೈರಸ್ ಪರೀಕ್ಷೆಯ ಬಗ್ಗೆ ಮಾತನಾಡಿ; ಬಾಳೆಗೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರನ್ನು ಕಾಣಿ. ಆಟೋಕ್ಲೇವ್, ಲ್ಯಾಮಿನಾರ್ ಫ್ಲೋ ಮುಂತಾದ ಪ್ರಯೋಗಾಲಯದ ಯಂತ್ರಗಳ ದರಪಟ್ಟಿ ತರಿಸುವುದು ಅದಾದ ಮೇಲೆ.