ಶಿಕ್ಷೆ ಹೆಚ್ಚಿಸಿದರೆ ಮಾನವ ಕಳ್ಳಸಾಗಣೆ ನಿಲ್ಲುತ್ತದಾ?

ಮಾನವ ಕಳ್ಳಸಾಗಣೆ ಮಾಡುವವರಿಗೆ ಶಿಕ್ಷೆ ಇನ್ನೂ ಜಾಸ್ತಿ ಮಾಡಬೇಕಲ್ವಾ ಅಂತ ಕೇಳಿದ್ದೀರಿ. ನಿಮ್ಮ ಸಿಟ್ಟು ನನಗೂ ಇದೆ. ಆದರೆ ಶಿಕ್ಷೆ ಈಗಲೂ ಕಮ್ಮಿಯೇನಿಲ್ಲ. ಐಪಿಸಿ ಬದಲು ಈಗ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ನೋಡಿ. ದೊಡ್ಡವರೊಬ್ಬರನ್ನು ಸಾಗಿಸಿದರೆ ಕನಿಷ್ಠ 7 ವರ್ಷ. ಮಗುವಾದರೆ ಕನಿಷ್ಠ 10 ವರ್ಷ, ಜೀವಾವಧಿಯೂ ಆಗಬಹುದು. ಪೊಲೀಸರೋ ಸರ್ಕಾರಿ ನೌಕರರೋ ಕೈಜೋಡಿಸಿದ್ದರೆ ಸಾಯುವ ತನಕ ಜೈಲು. 2013ರಲ್ಲೇ ಇದೆಲ್ಲ ಹಳೆಯ ಐಪಿಸಿಗೆ ಸೇರಿತ್ತು.

ನಾನು ಮಂಗಳೂರಿನಲ್ಲಿ ಹಿಂದಿ ಟೀಚರ್. ಕೆಲವು ವರ್ಷಗಳ ಹಿಂದೆ ಝಾರ್ಖಂಡಿನ ಹುಡುಗನೊಬ್ಬನ ಮಾತನ್ನು ಕನ್ನಡದಲ್ಲಿ ಹೇಳಲು ನನ್ನನ್ನು ಕರೆಸಿದ್ದರು. ವಯಸ್ಸು 19. ಹೋಟೆಲ್ ಕೆಲಸ ಅಂತ ಹೇಳಿ ಊರಿನ ಏಜೆಂಟ್ ರೈಲು ಹತ್ತಿಸಿದ್ದ. ತಂದು ಬಿಟ್ಟದ್ದು ಮೀನಿನ ಶೆಡ್ಡಿಗೆ. ಆಧಾರ್ ಕಾರ್ಡ್, ಮೊಬೈಲ್ ಎರಡೂ ಮಾಲೀಕರ ಹತ್ತಿರ. ಮನೆಗೆ ಕೊಟ್ಟ ಅಡ್ವಾನ್ಸ್ ತೀರುವ ತನಕ ಸಂಬಳ ಇಲ್ಲ, ಗೇಟು ದಾಟುವ ಹಾಗೂ ಇಲ್ಲ. ಐಸಿನಲ್ಲೇ ಕೆಲಸ ಮಾಡಿ ಬೆರಳ ಸಂದುಗಳೆಲ್ಲ ಬೆಳ್ಳಗಾಗಿ ಬಿರಿದಿದ್ದವು. ನೀರಿನ ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಕುಡಿದ. ಅದು ಇನ್ನೂ ಕಣ್ಣ ಮುಂದಿದೆ.

ಅಲ್ಲಿದ್ದವರೊಬ್ಬರು, "ಇದು ಸಂಬಳದ ಗಲಾಟೆ ಅಲ್ವಾ, ಕೊಡಿಸಿ ಕಳಿಸುವ. ಅವನೇ ಒಪ್ಪಿ ಬಂದದ್ದಲ್ವಾ" ಅಂದರು. ಮೋಸದಿಂದ ಕರೆತಂದಲ್ಲಿ ಒಪ್ಪಿಗೆ ಲೆಕ್ಕಕ್ಕಿಲ್ಲ ಅಂತ ಕಾನೂನಿನಲ್ಲೇ ಇದೆ.

ಕೇಸೇನೋ ಆಯಿತು. ಹುಡುಗ ಊರಿಗೆ ಹೋದ. ವಿಚಾರಣೆಗೆ ಬರಬೇಕಾದರೆ ದಿನಗಟ್ಟಲೆ ರೈಲು, ಅಷ್ಟೂ ದಿನದ ಕೂಲಿ ಹೋಯಿತು. ಆ ಏಜೆಂಟ್ ಇರುವುದೂ ಅದೇ ಊರಲ್ಲಿ. ಹುಡುಗ ಬರಲಿಲ್ಲ, ಕೇಸ್ ಬಿದ್ದುಹೋಯಿತು. ಪುಸ್ತಕದಲ್ಲಿ ಗಲ್ಲು ಅಂತ ಬರೆದಿದ್ದರೂ ಅಷ್ಟೇ ಆಗುತ್ತಿತ್ತು. ಈಗ ವಿಡಿಯೋ ಮೂಲಕ ಸಾಕ್ಷಿ ಹೇಳಬಹುದು. ಅದನ್ನು ಬಳಸಲಿ. ಹೀಗೆ ಅಡ್ವಾನ್ಸ್ ತೀರಿಸಲು ದುಡಿಯುವ ಜೀತದಿಂದ ಬಿಡುಗಡೆಯಾದವರಿಗೆ ಕೇಂದ್ರದ ಯೋಜನೆಯಲ್ಲಿ ತಕ್ಷಣ ಸಿಗುವುದು 30,000 ರೂಪಾಯಿವರೆಗೆ ಮಾತ್ರ, ದೊಡ್ಡ ಮೊತ್ತಕ್ಕೆ ಸಾಮಾನ್ಯವಾಗಿ ಆರೋಪಿಗೆ ಶಿಕ್ಷೆಯಾಗುವ ತನಕ ಕಾಯಬೇಕು. ಅಲ್ಲಿ ತನಕ ಹೊಟ್ಟೆಗೆ ಏನು?

ಶಿಕ್ಷೆ ಹೆಚ್ಚಿಸಲೇಬೇಕಾದ ಜಾಗ ಒಂದಿದೆ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಜೀತಕ್ಕೆ ದುಡಿಸಿಕೊಂಡವರಿಗೆ ಹೆಚ್ಚೆಂದರೆ 3 ವರ್ಷ, ದಂಡ ಹೆಚ್ಚೆಂದರೆ 2000 ರೂಪಾಯಿ. ಮೀನು ಇಳಿಸುವ ಧಕ್ಕೆಯಲ್ಲಿ ಒಂದು ಬುಟ್ಟಿ ಅಂಜಲ್ ಮೀನಿಗೆ ಅದಕ್ಕಿಂತ ಜಾಸ್ತಿ ಆಗುತ್ತದೆ.

ಇಂಥವರು ಕಣ್ಣಿಗೆ ಬಿದ್ದರೆ ಸುಮ್ನೆ ಇರಬೇಡಿ. 112ಕ್ಕೆ ಫೋನ್ ಮಾಡಿ, ಮಕ್ಕಳಾದರೆ 1098. ದೂರಿನಲ್ಲಿ ಸಂಬಳ ಬಾಕಿ ಅಂತ ಮಾತ್ರ ಬರೆಸಬೇಡಿ. ಯಾರು ಕರೆತಂದರು, ಏನು ಹೇಳಿ ಕರೆತಂದರು, ಆಧಾರ್ ಕಾರ್ಡ್ ಯಾರ ಹತ್ತಿರ ಇದೆ, ಅದನ್ನೂ ಬರೆಸಿ.