ಸೆಮಿಸ್ಟರ್ ಸರಾಸರಿಗಳ ಸರಾಸರಿ ಸಿಜಿಪಿಎ ಅಲ್ಲ

ಫಲಿತಾಂಶ ಪ್ರಕಟವಾದ ವಾರದಲ್ಲಿ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ತರುತ್ತವೆ: ವಿಶ್ವವಿದ್ಯಾಲಯ ಲೆಕ್ಕ ತಪ್ಪಿದೆ. ಅವುಗಳ ಜೊತೆಗಿಟ್ಟ ಅಂಕಪಟ್ಟಿಗಳನ್ನು ನೋಡಿದರೆ ಬಹುಪಾಲು ಸಂದರ್ಭಗಳಲ್ಲಿ ಲೆಕ್ಕ ತಪ್ಪಿರುವುದು ಪತ್ರ ಬರೆದವರದ್ದೇ. ಕ್ರೆಡಿಟ್ ಎಂದರೆ ಒಂದು ವಿಷಯಕ್ಕೆ ಲೆಕ್ಕದಲ್ಲಿರುವ ಭಾರ, ಪಾಯಿಂಟ್ ಎಂದರೆ ಪಡೆದ ಗ್ರೇಡಿಗೆ 10ರೊಳಗೆ ಸಿಗುವ ಅಂಕಿ; ಎಸ್‌ಜಿಪಿಎ ಒಂದು ಸೆಮಿಸ್ಟರ್‌ನ ಸರಾಸರಿ, ಸಿಜಿಪಿಎ ಈವರೆಗಿನ ಎಲ್ಲ ಸೆಮಿಸ್ಟರ್‌ಗಳದ್ದು. ಇದಕ್ಕಿಂತ ಹೆಚ್ಚಿನದನ್ನು ಇಲ್ಲಿ ವಿವರಿಸುವುದಿಲ್ಲ. ಅದು ಪ್ರತಿ ಕೋರ್ಸಿನ ನಿಯಮಾವಳಿಯಲ್ಲೇ ಇರುತ್ತದೆ.

ಪ್ರಶ್ನೆ: ಮೊದಲ ಸೆಮಿಸ್ಟರ್‌ನಲ್ಲಿ ನನ್ನ ಎಸ್‌ಜಿಪಿಎ 6.50, ಎರಡನೆಯದರಲ್ಲಿ 8.50. ಸರಾಸರಿ 7.50 ಆಗಬೇಕಿತ್ತು; ಅಂಕಪಟ್ಟಿಯಲ್ಲಿ ಸಿಜಿಪಿಎ 7.30 ಎಂದಿದೆ. ಕಡಿಮೆಯಾದ 0.20 ಮರಳಿ ಪಡೆಯಲು ಯಾರಿಗೆ ಅರ್ಜಿ ಸಲ್ಲಿಸಬೇಕು?

ಯಾರಿಗೂ ಸಲ್ಲಿಸಬೇಡಿ, ಏಕೆಂದರೆ ಏನೂ ಕಡಿಮೆಯಾಗಿಲ್ಲ. ನೀವು ಕಳುಹಿಸಿದ ಅಂಕಪಟ್ಟಿಯ ಪ್ರಕಾರ ಮೊದಲ ಸೆಮಿಸ್ಟರ್‌ನಲ್ಲಿ 24 ಕ್ರೆಡಿಟ್‌ಗಳಿವೆ, ಎರಡನೆಯದರಲ್ಲಿ 16 ಮಾತ್ರ. ಎಸ್‌ಜಿಪಿಎಯನ್ನು ಆಯಾ ಸೆಮಿಸ್ಟರ್‌ನ ಕ್ರೆಡಿಟ್‌ಗಳಿಂದ ಗುಣಿಸಿದರೆ ನೀವು ಗಳಿಸಿದ ಒಟ್ಟು ಪಾಯಿಂಟ್‌ಗಳು ಸಿಗುತ್ತವೆ: ಮೊದಲನೆಯದರಲ್ಲಿ 156, ಎರಡನೆಯದರಲ್ಲಿ 136, ಒಟ್ಟು 292. ಅದನ್ನು ಒಟ್ಟು 40 ಕ್ರೆಡಿಟ್‌ಗಳಿಂದ ಭಾಗಿಸಿದರೆ 7.30. ನೀವು ಕಡಿಮೆ ಗ್ರೇಡ್ ಪಡೆದ ಸೆಮಿಸ್ಟರ್‌ನಲ್ಲೇ ಹೆಚ್ಚು ಕ್ರೆಡಿಟ್‌ಗಳಿದ್ದುದರಿಂದ ಸಿಜಿಪಿಎ ಅದರ ಕಡೆಗೆ ವಾಲಿದೆ. ಎಲ್ಲ ಸೆಮಿಸ್ಟರ್‌ಗಳಲ್ಲೂ ಕ್ರೆಡಿಟ್‌ಗಳು ಸಮನಾಗಿದ್ದಾಗ ಮಾತ್ರ ನಿಮ್ಮ ವಿಧಾನದಿಂದಲೂ ಸರಿಯುತ್ತರ ಬರುತ್ತದೆ, ಮತ್ತು ಈ ತಪ್ಪು ವಿಧಾನ ಇಷ್ಟು ಕಾಲ ಬಾಳಲು ಅದೇ ಕಾರಣ.

ಇದೇ ನಿಯಮ ಒಂದು ಸೆಮಿಸ್ಟರ್‌ನ ಒಳಗೂ ನಡೆಯುತ್ತದೆ. ನಾಲ್ಕು ಕ್ರೆಡಿಟ್‌ನ ವಿಷಯದಲ್ಲಿ ಒಂದು ಗ್ರೇಡ್ ಕೆಳಗಿಳಿದರೆ ನಾಲ್ಕು ಪಾಯಿಂಟ್ ಹೋಗುತ್ತದೆ, ಒಂದು ಕ್ರೆಡಿಟ್‌ನ ಪ್ರಯೋಗಾಲಯದಲ್ಲಿ ಇಳಿದರೆ ಒಂದೇ ಪಾಯಿಂಟ್. ಆದರೂ ಪರೀಕ್ಷೆಯ ಹಿಂದಿನ ವಾರವನ್ನು ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನು ಅಂದಗೊಳಿಸುವುದರಲ್ಲಿ ಕಳೆದು, ಭಾರದ ವಿಷಯವನ್ನು ಕೊನೆಯ ರಾತ್ರಿಗೆ ಬಿಡುವ ವಿದ್ಯಾರ್ಥಿಗಳನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಅನುತ್ತೀರ್ಣವಾದ ವಿಷಯದ ಬಗ್ಗೆ ಇನ್ನೂ ದೊಡ್ಡ ತಪ್ಪು ಕಲ್ಪನೆಯಿದೆ. ಎಫ್ ಗ್ರೇಡ್‌ಗೆ ಪಾಯಿಂಟ್ ಸೊನ್ನೆಯಾದ್ದರಿಂದ ಆ ವಿಷಯ ಲೆಕ್ಕಕ್ಕೇ ಬರುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಮೇಲಿನ ಮೊತ್ತಕ್ಕೆ ಅದು ಏನನ್ನೂ ಸೇರಿಸುವುದಿಲ್ಲ ಎಂಬುದು ನಿಜ. ಆದರೆ ಹೆಚ್ಚಿನ ನಿಯಮಾವಳಿಗಳಲ್ಲಿ ಅದರ ಕ್ರೆಡಿಟ್‌ಗಳು ಕೆಳಗಿನ ಛೇದದಲ್ಲಿ ಉಳಿಯುತ್ತವೆ. 20 ಕ್ರೆಡಿಟ್‌ಗಳ ಸೆಮಿಸ್ಟರ್‌ನಲ್ಲಿ 16 ಕ್ರೆಡಿಟ್‌ಗಳನ್ನು ಸರಾಸರಿ 8ರಂತೆ ಮುಗಿಸಿದವರಿಗೆ 128 ಪಾಯಿಂಟ್ ಇರುತ್ತದೆ. ಉಳಿದ ನಾಲ್ಕು ಕ್ರೆಡಿಟ್‌ನ ಒಂದು ವಿಷಯದಲ್ಲಿ ಅನುತ್ತೀರ್ಣರಾದರೆ 128ನ್ನು ಭಾಗಿಸುವುದು 16ರಿಂದಲ್ಲ, 20ರಿಂದ, ಬರುವುದು 8.00 ಅಲ್ಲ, 6.40. ಮರುಪರೀಕ್ಷೆಯಲ್ಲಿ 6 ಪಾಯಿಂಟ್‌ನ ಗ್ರೇಡ್ ಬಂದರೆ 24 ಸೇರಿ 152 ಆಗಿ, ಎಸ್‌ಜಿಪಿಎ 7.60ಕ್ಕೆ ಏರುತ್ತದೆ. ಹೊಸ ಗ್ರೇಡ್ ಹಳೆಯದನ್ನು ಅಳಿಸುತ್ತದೆಯೋ ಅಥವಾ ಎರಡೂ ಲೆಕ್ಕದಲ್ಲಿ ಉಳಿಯುತ್ತವೆಯೋ ಎಂಬುದು ಮಾತ್ರ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಬಗೆ. ಇದನ್ನು ಸಹಪಾಠಿಯ ಬಾಯಿಂದ ಕೇಳಿ ನಂಬಬೇಡಿ. ನಿಮ್ಮ ಪ್ರವೇಶದ ವರ್ಷಕ್ಕೆ ಅನ್ವಯಿಸುವ ನಿಯಮಾವಳಿಯನ್ನೇ ತೆರೆದು ಓದಿ.

ಸಿಜಿಪಿಎ ಎಷ್ಟು ಏರಬಹುದು ಎಂಬುದನ್ನೂ ಇದೇ ಲೆಕ್ಕ ಮೊದಲೇ ಹೇಳುತ್ತದೆ. 120 ಕ್ರೆಡಿಟ್‌ಗಳ ನಂತರ 6.80 ಇರುವವರ ಬಳಿ 816 ಪಾಯಿಂಟ್ ಇದೆ. ಕೊನೆಯ 20 ಕ್ರೆಡಿಟ್‌ಗಳಲ್ಲಿ ಎಲ್ಲದಕ್ಕೂ 10 ಬಂದರೂ ಒಟ್ಟು 1016; 140ರಿಂದ ಭಾಗಿಸಿದರೆ ಸುಮಾರು 7.26. ಅಂಥವರಿಗೆ 7.50 ತಲುಪಿಸುತ್ತೇವೆಂದು ಶುಲ್ಕ ಪಡೆಯುವ ತರಬೇತಿ ಕೇಂದ್ರದವರಿಗೆ ಗುಣಾಕಾರ ಬರುವುದಿಲ್ಲ ಅಥವಾ ನಾಚಿಕೆಯಿಲ್ಲ. 7.00 ಬೇಕಿದ್ದರೆ ಇನ್ನೂ 164 ಪಾಯಿಂಟ್ ಗಳಿಸಬೇಕು, ಅಂದರೆ ಆ ಸೆಮಿಸ್ಟರ್‌ನಲ್ಲಿ 8.20. ಅದು ಕಷ್ಟ, ಆದರೆ ಸಾಧ್ಯ. ಅದರ ಮೇಲೆ ಗಮನವಿಡಿ.

ಪ್ರಶ್ನೆ: ಸಿಜಿಪಿಎಯನ್ನು 9.5ರಿಂದ ಗುಣಿಸಿದರೆ ಶೇಕಡಾವಾರು ಬರುತ್ತದಲ್ಲವೇ?

ಬರುವುದಿಲ್ಲ. ಆ 9.5 ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು ಹತ್ತನೇ ತರಗತಿಯ ಫಲಿತಾಂಶಕ್ಕೆ ಸೂಚಕವಾಗಿ ಕೊಟ್ಟಿದ್ದ ಗುಣಕ. ಕ್ರೆಡಿಟ್ ಆಧಾರಿತ ಪದವಿಗೂ ಅದಕ್ಕೂ ಸಂಬಂಧವಿಲ್ಲ. 70ರಿಂದ 79ರವರೆಗಿನ ಅಂಕಗಳಿಗೆ ಒಂದೇ ಗ್ರೇಡ್ ಕೊಡುವ ಪದ್ಧತಿಯಲ್ಲಿ ಮೂಲ ಅಂಕ ಯಾವುದಿತ್ತೆಂದು ಗ್ರೇಡಿನಿಂದ ಹಿಂದಕ್ಕೆ ತಿಳಿಯಲು ಯಾವ ಸೂತ್ರಕ್ಕೂ ಆಗದು. ನಿಮ್ಮ ವಿಶ್ವವಿದ್ಯಾಲಯ ಅಧಿಕೃತ ಪರಿವರ್ತನಾ ಸೂತ್ರ ಕೊಟ್ಟಿದ್ದರೆ ಅದನ್ನೇ ಬಳಸಿ, ಅದು ಕಡಿಮೆ ತೋರಿಸಿದರೂ ಸರಿ. ಉದ್ಯೋಗದ ಅರ್ಜಿಯಲ್ಲಿ ಅನುಕೂಲವಾದ ಗುಣಕವನ್ನು ಆರಿಸಿಕೊಂಡರೆ ದಾಖಲೆ ಪರಿಶೀಲನೆಯ ದಿನ ಉತ್ತರ ಹೇಳಬೇಕಾದವರು ನೀವೇ.

ಪ್ರಶ್ನೆ: ವಿದೇಶದ ಅರ್ಜಿಗಾಗಿ 10ರ ಮಾಪನವನ್ನು 4ಕ್ಕೆ ಇಳಿಸಲು 2.5ರಿಂದ ಭಾಗಿಸಬಹುದೇ? ಏಜೆಂಟರೊಬ್ಬರು ಹಣ ಪಡೆದು ಪ್ರಮಾಣಪತ್ರವನ್ನೇ ಮಾಡಿಕೊಡುತ್ತೇನೆಂದಿದ್ದಾರೆ.

ಭಾಗಿಸಬೇಡಿ, ಹಣವನ್ನಂತೂ ಕೊಡಲೇಬೇಡಿ. ಎರಡು ಮಾಪನಗಳಲ್ಲಿ ಉತ್ತೀರ್ಣತೆಯ ಗಡಿ ಮತ್ತು ಗ್ರೇಡ್‌ಗಳ ಹಂಚಿಕೆ ಬೇರೆ ಬೇರೆ ಇರುತ್ತವೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಉತ್ತೀರ್ಣತೆಯ ಕೊನೆಯ ಮೆಟ್ಟಿಲು. ವಿದೇಶಿ ಅಂಕಗಳನ್ನು ಪರಿವರ್ತಿಸಲು ಅಲ್ಲಿ ಬಳಸುವ ಬವೇರಿಯಾ ಸೂತ್ರಕ್ಕೆ ನಿಮ್ಮ ಅಂಕದ ಜೊತೆ ಗರಿಷ್ಠ ಅಂಕವೂ ಉತ್ತೀರ್ಣತೆಯ ಕನಿಷ್ಠ ಅಂಕವೂ ಬೇಕಾಗುತ್ತವೆ. ಸ್ಪಷ್ಟವಾಗಿ ಕೇಳದ ಹೊರತು ಪರಿವರ್ತಿಸದೆ, ಮೂಲ ಅಂಕಪಟ್ಟಿಯನ್ನೂ ಅದರ ಹಿಂಬದಿಯ ಗ್ರೇಡ್ ಕೋಷ್ಟಕವನ್ನೂ ಕಳುಹಿಸಿ. ಏಜೆಂಟರ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ.

ಪ್ರಶ್ನೆ: ನನ್ನ ಲೆಕ್ಕಕ್ಕೂ ಅಂಕಪಟ್ಟಿಗೂ 0.01 ವ್ಯತ್ಯಾಸವಿದೆ.

ದುಂಡುಗೊಳಿಸಿದ ಎಸ್‌ಜಿಪಿಎಗಳಿಂದ ಲೆಕ್ಕ ಮಾಡಿದ್ದೀರಿ. ಪಾಯಿಂಟ್‌ಗಳಿಂದಲೇ ಆರಂಭಿಸಿ, ಕೊನೆಯಲ್ಲಿ ಒಮ್ಮೆ ಮಾತ್ರ ದುಂಡುಗೊಳಿಸಿ.

ಪ್ರಶ್ನೆ: ಮರುಮೌಲ್ಯಮಾಪನದಲ್ಲಿ ನಾಲ್ಕು ಅಂಕ ಹೆಚ್ಚಾದರೂ ಸಿಜಿಪಿಎ ಬದಲಾಗಲಿಲ್ಲ.

ಆ ನಾಲ್ಕು ಅಂಕ ನಿಮ್ಮನ್ನು ಮುಂದಿನ ಗ್ರೇಡಿಗೆ ದಾಟಿಸಿಲ್ಲ, ಅಷ್ಟೇ.